ಮಧುಮೇಹ ಇರುವವರು ಇನ್ಸುಲಿನ್ ಪ್ರತಿರೋಧದ ರಕ್ತಪರೀಕ್ಷೆಗಳನ್ನು ಓದುವುದು ಹೇಗೆ?

ವರದಿಯಲ್ಲಿ ಹೋಮಾ-ಐಆರ್, ಅಂದರೆ ಇನ್ಸುಲಿನ್ ಪ್ರತಿರೋಧದ ಅಂದಾಜು, 4.8 ಎಂದು ಬಂದಿದೆ, ಗಾಬರಿಪಡಬೇಕೇ? ಎರಡು ವರ್ಷದ ಹಿಂದೆ 14 ಇದ್ದ ಫಾಸ್ಟಿಂಗ್ ಇನ್ಸುಲಿನ್ ಈಗ 8ಕ್ಕೆ ಇಳಿದಿದೆ, ಕಾಯಿಲೆ ವಾಸಿಯಾಗುತ್ತಿದೆಯೇ? ಇನ್ಸುಲಿನ್ ಚುಚ್ಚಿಕೊಳ್ಳುವವರೂ ಈ ಪರೀಕ್ಷೆ ಮಾಡಿಸಬಹುದೇ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಇವಕ್ಕೆ ಅಂತರ್ಜಾಲದಲ್ಲಿ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಮಧುಮೇಹ ಇನ್ನೂ ಬಾರದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಧುಮೇಹ ಬಂದು ವರ್ಷಗಳಾದವರಲ್ಲಿ, ಮಾತ್ರೆ ನುಂಗುತ್ತಿರುವವರಲ್ಲಿ, ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ ಅದೇ ಅಂಕಿಗಳು ಬೇರೆ ಅರ್ಥ ಕೊಡುತ್ತವೆ, ಕೆಲವೊಮ್ಮೆ ತದ್ವಿರುದ್ಧ ಅರ್ಥವನ್ನೇ ಕೊಡುತ್ತವೆ. ಆದ್ದರಿಂದ ಈ ಲೇಖನವನ್ನು ಮಧುಮೇಹ ಈಗಾಗಲೇ ಇರುವವರಿಗಾಗಿಯೇ ಬರೆದಿದ್ದೇನೆ. ಇದು ವರದಿಯನ್ನು ಓದಿಕೊಂಡು ವೈದ್ಯರ ಬಳಿ ಸರಿಯಾದ ಪ್ರಶ್ನೆ ಕೇಳಲು ನೆರವಾಗುತ್ತದೆ. ಇದನ್ನು ನೋಡಿ ಔಷಧದ ಪ್ರಮಾಣವನ್ನು ನೀವೇ ಬದಲಿಸಬೇಡಿ.

ಇನ್ಸುಲಿನ್ ಪ್ರತಿರೋಧ ಎಂದರೆ, ರಕ್ತದಲ್ಲಿ ಇನ್ಸುಲಿನ್ ಇದ್ದರೂ ಸ್ನಾಯು, ಯಕೃತ್ತು ಮತ್ತು ಕೊಬ್ಬಿನ ಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು. ಸ್ನಾಯುಗಳು ಸಕ್ಕರೆಯನ್ನು ಬೇಕಾದಷ್ಟು ಒಳಗೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಸಕ್ಕರೆಯ ತಯಾರಿಕೆಯನ್ನು ಕಡಿಮೆ ಮಾಡಬೇಕಾದ ಯಕೃತ್ತು ಅದನ್ನು ಮುಂದುವರಿಸುತ್ತದೆ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಗಿನ ಸಕ್ಕರೆ ಏರಿರುವುದಕ್ಕೆ ಇದೇ ಮುಖ್ಯ ಕಾರಣ. ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲಗಳನ್ನು ಹಿಡಿದಿಟ್ಟುಕೊಳ್ಳದೆ ರಕ್ತಕ್ಕೆ ಬಿಡುತ್ತವೆ, ಯಕೃತ್ತು ಅವುಗಳಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತಯಾರಿಸಿ ಹೊರಗೆ ಕಳಿಸುತ್ತದೆ. ಇನ್ಸುಲಿನ್‌ಗೆ ಸ್ಪಂದಿಸುವ ಮಧುಮೇಹಿಗಳು ಮತ್ತು ಸ್ಪಂದಿಸದ ಮಧುಮೇಹಿಗಳು ಎಂಬ ಎರಡು ಬಗೆಯವರಿದ್ದಾರೆಂದು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದರು. ಆದರೆ ರಕ್ತದಲ್ಲಿನ ಇನ್ಸುಲಿನ್ನನ್ನು ನೇರವಾಗಿ ಅಳೆಯುವ ವಿಧಾನ ಬಂದದ್ದು ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಅವರಿಂದ, 1950ರ ದಶಕದ ಕೊನೆಯಲ್ಲಿ.

ಪ್ರತಿರೋಧವನ್ನು ನಿಖರವಾಗಿ ಅಳೆಯಲು ಕ್ಲ್ಯಾಂಪ್ ಎಂಬ ವಿಧಾನವಿದೆ. ಒಂದು ರಕ್ತನಾಳದಲ್ಲಿ ಇನ್ಸುಲಿನ್, ಇನ್ನೊಂದರಲ್ಲಿ ಗ್ಲೂಕೋಸ್ ಹರಿಸುತ್ತ, ಸಕ್ಕರೆಯ ಮಟ್ಟವನ್ನು ಸ್ಥಿರವಾಗಿಡಲು ಎಷ್ಟು ಗ್ಲೂಕೋಸ್ ಬೇಕಾಗುತ್ತದೆ ಎಂದು ಗಂಟೆಗಟ್ಟಲೆ ನೋಡುವ ಈ ವಿಧಾನ ಸಂಶೋಧನಾ ಕೇಂದ್ರಗಳಿಗೆ ಮಾತ್ರ ಸೀಮಿತ. ನಮ್ಮ ಲ್ಯಾಬ್‌ಗಳಲ್ಲಿ ಸಿಗುವುದೆಲ್ಲವೂ ಅದರ ಅಂದಾಜು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಹಂತ 1: ನಿಮಗೆ ಈ ಪರೀಕ್ಷೆ ನಿಜವಾಗಿ ಬೇಕೇ ಎಂದು ನೋಡಿಕೊಳ್ಳಿ

ಮಧುಮೇಹ ಇರುವ ಎಲ್ಲರಿಗೂ ಫಾಸ್ಟಿಂಗ್ ಇನ್ಸುಲಿನ್ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡಿಸಬೇಕೆಂದು ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದಿಲ್ಲ. ಟೈಪ್ 2 ಮಧುಮೇಹದ ಜೊತೆಗೆ ಹೊಟ್ಟೆಯ ಬೊಜ್ಜು, ರಕ್ತದೊತ್ತಡ ಮತ್ತು ಕೊಬ್ಬಿನ ಯಕೃತ್ತು ಇದ್ದರೆ ನಿಮ್ಮಲ್ಲಿ ಪ್ರತಿರೋಧವಿದೆ ಎನ್ನಲು ಇನ್ನೊಂದು ಪರೀಕ್ಷೆ ಬೇಕಾಗಿಲ್ಲ. ಪರೀಕ್ಷೆಗೆ ಅರ್ಥ ಬರುವುದು ಮುಖ್ಯವಾಗಿ ಗೊಂದಲವಿರುವಾಗ: ತೆಳ್ಳಗಿರುವವರಿಗೆ ಮಧುಮೇಹ ಬಂದಾಗ, ಮಾತ್ರೆಗಳು ಕೆಲಸ ಮಾಡದಿದ್ದಾಗ, ಟೈಪ್ 1 ಮತ್ತು ಟೈಪ್ 2 ನಡುವೆ ಸಂದೇಹ ಬಂದಾಗ, ಇನ್ಸುಲಿನ್ ಪ್ರಮಾಣ ಏರುತ್ತಲೇ ಹೋಗುವಾಗ.

ನಮ್ಮ ದೇಶದವರಿಗೆ ಇಲ್ಲೊಂದು ವಿಶೇಷವಿದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮಿಬ್ಬರದೇ ದೇಹವನ್ನು ಹೋಲಿಸಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 22.3; ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ದೇಹದಲ್ಲಿ ಶೇ. 21.2 ಇತ್ತು. ತೂಕದ ಯಂತ್ರವನ್ನು ನಂಬಿ ‘ನಾನು ತೆಳ್ಳಗಿದ್ದೇನೆ, ನನಗೆ ಪ್ರತಿರೋಧ ಇರಲಾರದು’ ಎಂದು ತೀರ್ಮಾನಿಸಬಾರದೆನ್ನುವುದಕ್ಕೆ ಇಷ್ಟು ಸಾಕು. ಇದರ ಇನ್ನೊಂದು ಮುಖವೂ ಮುಖ್ಯ. ಭಾರತೀಯರಲ್ಲಿ ಪ್ರತಿರೋಧದ ಜೊತೆಗೆ ಇನ್ಸುಲಿನ್ ತಯಾರಿಕೆಯ ಕೊರತೆಯೂ ಬೇಗ ಕಾಣಿಸಿಕೊಳ್ಳುತ್ತದೆ. ಹೀಗಾಗಿ ‘ಪ್ರತಿರೋಧ ಎಷ್ಟಿದೆ’ ಎಂಬ ಪ್ರಶ್ನೆಯನ್ನು ‘ತಯಾರಿಕೆ ಎಷ್ಟು ಉಳಿದಿದೆ’ ಎಂಬ ಪ್ರಶ್ನೆಯಿಂದ ಬೇರ್ಪಡಿಸಿ ಕೇಳಿದರೆ ಉತ್ತರ ಅರ್ಧವಾಗುತ್ತದೆ.

ಗರ್ಭಿಣಿಯರು ಇಲ್ಲಿನ ಲೆಕ್ಕಗಳನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಗರ್ಭಾವಸ್ಥೆಯಲ್ಲಿ ಪ್ರತಿರೋಧ ಸಹಜವಾಗಿಯೇ ಏರುತ್ತದೆ, ಟ್ರೈಗ್ಲಿಸರೈಡ್ ಕೂಡ.

ಹಂತ 2: ರಕ್ತ ಕೊಡುವ ಮುನ್ನ ಸಿದ್ಧತೆ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. 8ರಿಂದ 12 ಗಂಟೆ ಏನನ್ನೂ ತಿನ್ನಬಾರದು, ನೀರು ಮಾತ್ರ ಕುಡಿಯಬಹುದು. ‘ಸಕ್ಕರೆ ಹಾಕದ ಕಾಫಿ ತಾನೇ’ ಎಂದು ಬೆಳಿಗ್ಗೆ ಅರ್ಧ ಲೋಟ ಕುಡಿದು ಹೋಗುವವರು ಬಹಳ ಮಂದಿ. ಹಾಲಿನಲ್ಲಿರುವ ಸಕ್ಕರೆ ಮತ್ತು ಪ್ರೋಟೀನು ಇನ್ಸುಲಿನ್ನನ್ನು ಏರಿಸುತ್ತವೆ, ಕಪ್ಪು ಕಾಫಿಯೂ ಬೇಡ. ಹಾಗೆಂದು ಉಪವಾಸವನ್ನು ಉದ್ದ ಮಾಡಿದರೆ ಫಲಿತಾಂಶ ಉತ್ತಮವಾಗುತ್ತದೆ ಎಂದುಕೊಳ್ಳಬೇಡಿ. ಏಕಾದಶಿಯ ಮರುದಿನ ಬೆಳಿಗ್ಗೆ ಕೊಟ್ಟ ರಕ್ತ ನಿಮ್ಮ ಎಂದಿನ ಸ್ಥಿತಿಯನ್ನು ತೋರಿಸುವುದಿಲ್ಲ. ಹಿಂದಿನ ರಾತ್ರಿಯ ಮದುವೆ ಊಟ, ಮದ್ಯ, ರೂಢಿಯಿಲ್ಲದ ಕಠಿಣ ವ್ಯಾಯಾಮ ಇವು ಮೂರೂ ಅಂಕಿಗಳನ್ನು ಅಲುಗಿಸುತ್ತವೆ.

ಜ್ವರ, ಸೋಂಕು ಅಥವಾ ಶಸ್ತ್ರಚಿಕಿತ್ಸೆಯಾಗಿದ್ದರೆ ಚೇತರಿಸಿಕೊಂಡು ಎರಡು ಮೂರು ವಾರ ಕಳೆಯಲಿ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ಅದು ಮಂಡಿಗೆ ಕೊಟ್ಟ ಚುಚ್ಚುಮದ್ದೇ ಆಗಿರಲಿ, ವೈದ್ಯರಿಗೆ ಹೇಳಿ. ಸ್ಟಿರಾಯ್ಡ್ ಪ್ರತಿರೋಧವನ್ನು ನೇರವಾಗಿ ಹೆಚ್ಚಿಸುತ್ತದೆ.

ಕೂದಲು ಮತ್ತು ಉಗುರಿಗಾಗಿ ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಇದನ್ನು ಲ್ಯಾಬ್‌ನಲ್ಲಿ ಯಾರೂ ಕೇಳುವುದಿಲ್ಲ, ನೀವಾಗಿಯೇ ಹೇಳಬೇಕು. ಹಾರ್ಮೋನುಗಳನ್ನು ಅಳೆಯುವ ಹಲವು ಕಿಟ್‌ಗಳಲ್ಲಿ ಬಯೋಟಿನ್ನನ್ನೇ ಒಂದು ಕೊಂಡಿಯಾಗಿ ಬಳಸಿರುತ್ತಾರೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್‌ನ (ಇನ್ಸುಲಿನ್ ಜೊತೆಯಲ್ಲೇ ಹುಟ್ಟುವ ತುಣುಕು) ಅಂಕಿ ಇರುವುದಕ್ಕಿಂತ ಕಡಿಮೆ ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಇಂಥ ತಪ್ಪು ಫಲಿತಾಂಶಗಳ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ.

ಎಚ್ಚರಿಕೆ: ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದ ದಿನದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಂಡೇ ಹೋಗಬೇಕು. ಬೆಳಗಿನ ಮಾತ್ರೆಯನ್ನು ಜೊತೆಯಲ್ಲಿಟ್ಟುಕೊಳ್ಳಿ, ರಕ್ತ ಕೊಟ್ಟು ತಿಂಡಿಯ ಹೊತ್ತಿಗೆ ನುಂಗಿ. ಕಾಯುತ್ತಿರುವಾಗ ಬೆವರು, ನಡುಕ, ತಲೆಸುತ್ತು ಬಂದರೆ, ಅಥವಾ ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಪರೀಕ್ಷೆಯನ್ನು ಮರೆತು ತಕ್ಷಣ ಸಕ್ಕರೆ ತಿನ್ನಿ. ರಕ್ತವನ್ನು ಇನ್ನೊಂದು ದಿನ ಕೊಡಬಹುದು.

ಹಂತ 3: ಲ್ಯಾಬ್‌ನಲ್ಲಿ ಗಮನಿಸಬೇಕಾದದ್ದು

ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಸೌಲಭ್ಯ ಈಗ ಎಲ್ಲೆಡೆ ಇದೆ, ಅನುಕೂಲವೂ ಹೌದು. ಆದರೆ ಇನ್ಸುಲಿನ್ ಪರೀಕ್ಷೆಗೆ ಲ್ಯಾಬ್‌ಗೇ ಹೋಗುವುದು ಮೇಲು. ಕೊಳವೆಯಲ್ಲಿರುವ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ; ಬೇರ್ಪಡಿಸದೆ ಹಾಗೆಯೇ ಇಟ್ಟ ರಕ್ತದಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸ್ ಕಡಿಮೆಯಾಗುತ್ತದೆ. ಸಕ್ಕರೆಯ ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆಗೆ ಹಾಕುವುದು ಇದನ್ನು ತಡೆಯುವುದಕ್ಕಾಗಿ. ಇನ್ಸುಲಿನ್‌ಗೆ ಬೇರೆ ಕೊಳವೆ ಬೇಕು, ಅದನ್ನು ಬೇಗ ಬೇರ್ಪಡಿಸಿ ತಂಪಾಗಿಡಬೇಕು. ಸೂಜಿ ಹಾಕುವಾಗ ತೊಂದರೆಯಾಗಿ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಕಿಣ್ವ ಇನ್ಸುಲಿನ್ನನ್ನು ಕತ್ತರಿಸಿ ಹಾಕುತ್ತದೆ. ವರದಿಯ ಅಡಿಯಲ್ಲಿ ‘ಹೀಮೊಲೈಸ್ಡ್’ ಎಂಬ ಷರಾ ಇದ್ದರೆ ಆ ಇನ್ಸುಲಿನ್ ಅಂಕಿಯನ್ನು ನಂಬಬೇಡಿ.

ಸಕ್ಕರೆ ಮತ್ತು ಇನ್ಸುಲಿನ್ ಎರಡಕ್ಕೂ ರಕ್ತವನ್ನು ಒಂದೇ ಹೊತ್ತಿನಲ್ಲಿ ತೆಗೆದಿರಬೇಕು. ಸೋಮವಾರದ ಸಕ್ಕರೆಗೆ ಗುರುವಾರದ ಇನ್ಸುಲಿನ್ ಸೇರಿಸಿ ಲೆಕ್ಕ ಹಾಕುವುದು ವ್ಯರ್ಥ. ಮತ್ತೆ ಪರೀಕ್ಷೆ ಮಾಡಿಸುವುದಾದರೆ ಅದೇ ಲ್ಯಾಬ್‌ಗೆ ಹೋಗಿ. ಇನ್ಸುಲಿನ್ ಅಳೆಯುವ ಕಿಟ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ, ಎಲ್ಲವನ್ನೂ ಸರಿದೂಗಿಸುವ ಏಕರೂಪದ ಮಾನದಂಡ ಇನ್ನೂ ಬಳಕೆಗೆ ಬಂದಿಲ್ಲ. ಹೀಗಾಗಿ ಒಂದೇ ರಕ್ತಕ್ಕೆ ಎರಡು ಲ್ಯಾಬ್‌ಗಳು ಬೇರೆ ಬೇರೆ ಅಂಕಿ ಕೊಡುವುದು ಸಾಧ್ಯ, ಅದರಲ್ಲಿ ಯಾರ ತಪ್ಪೂ ಇರಬೇಕಾಗಿಲ್ಲ.

ಹಂತ 4: ಏಕಮಾನ ನೋಡಿ

ಭಾರತದಲ್ಲಿ ಸಕ್ಕರೆ ಮತ್ತು ಕೊಬ್ಬನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿರುವ ಕನ್ನಡಿಗರ ವರದಿಯಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದಿರುತ್ತದೆ. ಮಿಲಿಮೋಲ್‌ನಿಂದ ಮಿಲಿಗ್ರಾಂಗೆ ಬರಲು ಗ್ಲೂಕೋಸನ್ನು 18ರಿಂದ, ಟ್ರೈಗ್ಲಿಸರೈಡನ್ನು 88.5ರಿಂದ, ಎಚ್‌ಡಿಎಲ್ಲನ್ನು (‘ಒಳ್ಳೆಯ’ ಕೊಲೆಸ್ಟರಾಲ್) 38.7ರಿಂದ ಗುಣಿಸಿ. ಇನ್ಸುಲಿನ್ ಪಿಕೋಮೋಲ್‌ನಲ್ಲಿದ್ದರೆ 6ರಿಂದ ಭಾಗಿಸಿದಾಗ ನಮ್ಮ ಲ್ಯಾಬ್‌ಗಳ ಮೈಕ್ರೋ ಯೂನಿಟ್ ಬರುತ್ತದೆ. ಕೆಲವು ಲ್ಯಾಬ್‌ಗಳು 6.945 ಬಳಸುತ್ತವೆ. ಊರಿನಲ್ಲಿರುವ ತಂದೆಯ ವರದಿಯನ್ನು ಲಂಡನ್ನಿನಲ್ಲಿರುವ ಮಗ ಅಲ್ಲಿನ ಪಟ್ಟಿಗೆ ಹೋಲಿಸಿ ಹೆದರುವುದು ಈ ಲೆಕ್ಕ ತಪ್ಪಿದಾಗಲೇ.

ಹಂತ 5: ಮೊದಲು ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ನೋಡಿ

ದುಬಾರಿ ಪರೀಕ್ಷೆಗಳಿಗೆ ಹೋಗುವ ಮುನ್ನ, ನಿಮ್ಮ ಬಳಿ ಈಗಾಗಲೇ ಇರುವ ಕೊಲೆಸ್ಟರಾಲ್ ವರದಿಯನ್ನು ಹೊರತೆಗೆಯಿರಿ. ನನ್ನ ಅಭಿಪ್ರಾಯದಲ್ಲಿ ಮಧುಮೇಹ ಇರುವವರಿಗೆ ಪ್ರತಿರೋಧದ ಅತ್ಯಂತ ಉಪಯುಕ್ತ ಗುರುತು ಅದರಲ್ಲಿದೆ. ಯಕೃತ್ತು ಟ್ರೈಗ್ಲಿಸರೈಡನ್ನು ಹೆಚ್ಚಾಗಿ ಹೊರಗೆ ಕಳಿಸಿದಾಗ, ಅದರಲ್ಲಿ ಒಂದು ಪಾಲು ಎಚ್‌ಡಿಎಲ್ ಕಣಗಳಿಗೆ ವರ್ಗವಾಗುತ್ತದೆ. ಹಾಗೆ ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ರಕ್ತದಿಂದ ಬೇಗ ಮರೆಯಾಗುತ್ತದೆ. ಹೀಗಾಗಿ ಒಂದು ಏರಿ ಇನ್ನೊಂದು ಇಳಿಯುವುದು ಬೇರೆ ಬೇರೆ ಎರಡು ದೋಷಗಳಲ್ಲ, ಒಂದೇ ಕಾರಣದ ಎರಡು ಪರಿಣಾಮಗಳು. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ ಮತ್ತು ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಎಂಬುದು ಚಯಾಪಚಯದ ತೊಂದರೆಯ ಗುರುತೆಂದು ಒಪ್ಪಿತವಾಗಿರುವ ಗಡಿ.

ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ. ಟ್ರೈಗ್ಲಿಸರೈಡ್ 180, ಎಚ್‌ಡಿಎಲ್ 36 ಇದ್ದರೆ ಅನುಪಾತ 5. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೆರಾಲ್ಡ್ ರೀವನ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3 ಮತ್ತು ಅದಕ್ಕೂ ಹೆಚ್ಚಿನ ಅನುಪಾತ ಪ್ರತಿರೋಧವನ್ನು ಸೂಚಿಸಿತು. ಆದರೆ ಅದರಲ್ಲಿ ಪಾಲ್ಗೊಂಡವರು ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ ಅಮೆರಿಕನ್ನರು. ಆದ್ದರಿಂದ 2.9 ಬಂದರೆ ಸುರಕ್ಷಿತ, 3.1 ಬಂದರೆ ಅಪಾಯ ಎಂದು ಗೆರೆ ಎಳೆಯಬೇಡಿ. ಮಿಲಿಮೋಲ್‌ನಲ್ಲಿ ಲೆಕ್ಕ ಮಾಡಿದರೆ ಇದೇ 5 ಸುಮಾರು 2.2 ಆಗುತ್ತದೆ ಎಂಬುದನ್ನೂ ಮರೆಯಬೇಡಿ.

ಈ ಅನುಪಾತ ದಾರಿ ತಪ್ಪಿಸುವ ಸಂದರ್ಭಗಳಿವೆ. ಫೆನೊಫೈಬ್ರೇಟ್ ಮಾತ್ರೆ ಟ್ರೈಗ್ಲಿಸರೈಡನ್ನು ಚೆನ್ನಾಗಿ ಇಳಿಸುತ್ತದೆ. ಅನುಪಾತ ಸುಧಾರಿಸಿದಂತೆ ಕಂಡರೂ ಅದು ಮಾತ್ರೆಯ ಕೆಲಸವೇ ಹೊರತು ಪ್ರತಿರೋಧ ಕರಗಿದ್ದರ ಗುರುತಾಗಬೇಕಾಗಿಲ್ಲ. ಮದ್ಯಪಾನ ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಎರಡನ್ನೂ ಏರಿಸುವುದರಿಂದ ಅನುಪಾತ ಸುಳ್ಳು ಸಮಾಧಾನ ಕೊಡಬಹುದು. ಥೈರಾಯ್ಡ್ ಕಡಿಮೆ ಇರುವವರಲ್ಲಿ, ಮೂತ್ರದಲ್ಲಿ ಪ್ರೋಟೀನು ಬಹಳ ಹೋಗುವವರಲ್ಲಿ ಟ್ರೈಗ್ಲಿಸರೈಡ್ ಬೇರೆ ಕಾರಣಕ್ಕೇ ಏರಿರುತ್ತದೆ. ಟ್ರೈಗ್ಲಿಸರೈಡ್ 500 ದಾಟಿದ್ದರೆ ಅನುಪಾತದ ಲೆಕ್ಕ ಬಿಟ್ಟು ವೈದ್ಯರನ್ನು ಬೇಗ ಕಾಣಿ, ಏಕೆಂದರೆ ಅದು ಇನ್ನೂ ಏರಿದರೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಯಾಗಬಹುದು.

ಇದರ ಜೊತೆಗೆ ಸೊಂಟದ ಸುತ್ತಳತೆ ಬರೆದುಕೊಳ್ಳಿ. ಪ್ಯಾಂಟಿನ ಅಳತೆ ಹೇಳಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವಿನ ಜಾಗದಲ್ಲಿ, ಉಸಿರು ಸಹಜವಾಗಿ ಹೊರಬಿಟ್ಟಾಗ ಟೇಪು ಹಿಡಿಯಬೇಕು. ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಗಡಿ. ಕುತ್ತಿಗೆಯ ಹಿಂಭಾಗದ ಮತ್ತು ಕಂಕುಳಿನ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನೂ ಬರೆದಿಡಿ. ಅದು ಸೋಪು ಹಾಕಿ ಉಜ್ಜಿದರೆ ಹೋಗುವ ಕೊಳೆಯಲ್ಲ. ಹೆಚ್ಚಾಗಿ ಅದು ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಗುರುತು.

ಹಂತ 6: ಟಿವೈಜಿ ಸೂಚ್ಯಂಕ

ಇನ್ಸುಲಿನ್ ಅಳೆಯದೆಯೇ ಪ್ರತಿರೋಧವನ್ನು ಅಂದಾಜಿಸಲು ಮೆಕ್ಸಿಕೋದ ಸಂಶೋಧಕರು 2008ರಲ್ಲಿ ಕೊಟ್ಟ ಲೆಕ್ಕವಿದು; ಟಿವೈಜಿ ಎಂದರೆ ಟ್ರೈಗ್ಲಿಸರೈಡ್-ಗ್ಲೂಕೋಸ್. ಫಾಸ್ಟಿಂಗ್ ಟ್ರೈಗ್ಲಿಸರೈಡ್ ಮತ್ತು ಫಾಸ್ಟಿಂಗ್ ಗ್ಲೂಕೋಸನ್ನು ಗುಣಿಸಿ, 2ರಿಂದ ಭಾಗಿಸಿ, ಬಂದ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ ತೆಗೆಯಬೇಕು. ಮೊಬೈಲಿನ ಕ್ಯಾಲ್ಕ್ಯುಲೇಟರನ್ನು ಅಡ್ಡ ಹಿಡಿದರೆ ಸಾಮಾನ್ಯವಾಗಿ ‘ಎಲ್ಎನ್’ ಗುಂಡಿ ಕಾಣುತ್ತದೆ; ‘ಲಾಗ್’ ಗುಂಡಿ ಒತ್ತಬೇಡಿ, ಅದು ಬೇರೆ. ಟ್ರೈಗ್ಲಿಸರೈಡ್ 180, ಗ್ಲೂಕೋಸ್ 140 ಇದ್ದರೆ 180 × 140 ÷ 2 = 12,600; ಅದರ ಲಾಗರಿದಮ್ 9.44.

ಇಲ್ಲಿ ಎಡವುವ ಎರಡು ಜಾಗಗಳಿವೆ, ನೋಡಿಕೊಳ್ಳಿ. ಮೊದಲನೆಯದು, ಕೆಲವು ಲೇಖನಗಳಲ್ಲಿ ಮತ್ತು ಆ್ಯಪ್‌ಗಳಲ್ಲಿ ಮೊದಲು ಲಾಗರಿದಮ್ ತೆಗೆದು ಅನಂತರ 2ರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಇದೇ ವ್ಯಕ್ತಿಗೆ 5.07 ಬರುತ್ತದೆ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಯ ಗಡಿಗೆ ಹೋಲಿಸಿ ‘ನನ್ನದು ಎಷ್ಟು ಕಡಿಮೆ ಇದೆ’ ಎಂದು ಸಂತೋಷಪಟ್ಟವರಿದ್ದಾರೆ. ಎರಡನೆಯದು ಇನ್ನೂ ಮುಖ್ಯ: ಈ ಲೆಕ್ಕದೊಳಗೇ ಗ್ಲೂಕೋಸ್ ಇದೆ. ಇನ್ಸುಲಿನ್ ಚುಚ್ಚುಮದ್ದಿನಿಂದ ಗ್ಲೂಕೋಸ್ 140ರಿಂದ 100ಕ್ಕೆ ಇಳಿದು ಟ್ರೈಗ್ಲಿಸರೈಡ್ 180ರಲ್ಲೇ ನಿಂತರೆ ಸೂಚ್ಯಂಕ 9.10 ಆಗುತ್ತದೆ. ಇಳಿದದ್ದು ಸಕ್ಕರೆ, ಪ್ರತಿರೋಧ ಅಷ್ಟೇ ಇರಬಹುದು. ಮಧುಮೇಹ ಇರುವವರು ಇದನ್ನು ತಮ್ಮದೇ ಹಳೆಯ ಅಂಕಿಯೊಂದಿಗೆ, ಔಷಧ ಬದಲಾಗದ ಅವಧಿಯಲ್ಲಿ, ಹೋಲಿಸಲು ಮಾತ್ರ ಬಳಸುವುದು ಒಳ್ಳೆಯದು.

ಹಂತ 7: ಫಾಸ್ಟಿಂಗ್ ಇನ್ಸುಲಿನ್ ಮತ್ತು ಹೋಮಾ-ಐಆರ್

ಅತಿ ಹೆಚ್ಚು ಪ್ರಶ್ನೆಗಳು ಬರುವುದು ಇದರ ಬಗ್ಗೆ. ಆಕ್ಸ್‌ಫರ್ಡ್‌ನ ವೈದ್ಯರು 1985ರಲ್ಲಿ ಪ್ರಕಟಿಸಿದ ಈ ಲೆಕ್ಕ ಸರಳವಾಗಿದೆ: ಫಾಸ್ಟಿಂಗ್ ಗ್ಲೂಕೋಸ್ ಮಿಲಿಗ್ರಾಂನಲ್ಲಿ, ಫಾಸ್ಟಿಂಗ್ ಇನ್ಸುಲಿನ್ ಮೈಕ್ರೋ ಯೂನಿಟ್‌ನಲ್ಲಿ, ಎರಡನ್ನೂ ಗುಣಿಸಿ 405ರಿಂದ ಭಾಗಿಸಿ. ಗ್ಲೂಕೋಸ್ ಮಿಲಿಮೋಲ್‌ನಲ್ಲಿದ್ದರೆ 22.5ರಿಂದ ಭಾಗಿಸಬೇಕು. ಗ್ಲೂಕೋಸ್ 140, ಇನ್ಸುಲಿನ್ 14 ಇದ್ದರೆ ಹೋಮಾ-ಐಆರ್ 4.8. ಆರೋಗ್ಯವಂತ ತರುಣರಲ್ಲಿ ಇದು 1ರ ಆಸುಪಾಸಿನಲ್ಲಿರಬೇಕೆಂದು ಮೂಲ ಲೆಕ್ಕವನ್ನು ರೂಪಿಸಲಾಗಿತ್ತು. ಹಲವು ಲ್ಯಾಬ್‌ಗಳು 2.5 ಎಂಬ ಗಡಿಯನ್ನು ಮುದ್ರಿಸುತ್ತವೆ. ಅದು ಎಲ್ಲ ಜನಾಂಗಗಳಿಗೂ ಎಲ್ಲ ಕಿಟ್‌ಗಳಿಗೂ ಒಪ್ಪುವ ಗಡಿಯಲ್ಲ.

ಈಗ ಆರಂಭದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಅದೇ ವ್ಯಕ್ತಿಗೆ ಎರಡು ವರ್ಷದ ನಂತರ ಇನ್ಸುಲಿನ್ 8ಕ್ಕೆ ಇಳಿದಿದೆ, ಗ್ಲೂಕೋಸ್ 200ಕ್ಕೆ ಏರಿದೆ ಎಂದಿಟ್ಟುಕೊಳ್ಳಿ. ಹೋಮಾ-ಐಆರ್ 3.95 ಆಗುತ್ತದೆ. 4.8ರಿಂದ 3.95ಕ್ಕೆ ಇಳಿದಿರುವುದನ್ನು ಮಾತ್ರ ನೋಡಿದರೆ ಸುಧಾರಣೆ ಎಂದೇ ಅನ್ನಿಸುತ್ತದೆ. ಆದರೆ ಸಕ್ಕರೆ 200 ಇರುವಾಗ ಮೇದೋಜೀರಕ ಗ್ರಂಥಿ ಮೊದಲಿಗಿಂತ ಹೆಚ್ಚು ಇನ್ಸುಲಿನ್ ಸುರಿಸಬೇಕಿತ್ತು. ಅದು ಸುರಿಸಿದ್ದು ಮೊದಲಿಗಿಂತ ಕಡಿಮೆ. ಆಕ್ಸ್‌ಫರ್ಡ್‌ನವರೇ ಕೊಟ್ಟ ಜೋಡಿ ಲೆಕ್ಕ ಹೋಮಾ-ಬಿ ಇದನ್ನು ಬಯಲಿಗೆ ತರುತ್ತದೆ. ಇನ್ಸುಲಿನ್ನನ್ನು 360ರಿಂದ ಗುಣಿಸಿ, ಗ್ಲೂಕೋಸಿನಲ್ಲಿ 63 ಕಳೆದು ಉಳಿದದ್ದರಿಂದ ಭಾಗಿಸಿದರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಸಾಮರ್ಥ್ಯ ಶೇಕಡಾವಾರು ಸಿಗುತ್ತದೆ. ಮೊದಲ ವರದಿಯಲ್ಲಿ 360 × 14 ÷ 77, ಅಂದರೆ ಶೇ. 65, ಎರಡನೆಯದರಲ್ಲಿ 360 × 8 ÷ 137, ಅಂದರೆ ಶೇ. 21. ಪ್ರತಿರೋಧ ಕರಗಿಲ್ಲ, ಗ್ರಂಥಿ ದಣಿದಿದೆ. ಇಂಥವರಿಗೆ ‘ಹೋಮಾ ಇಳಿದಿದೆ, ಮಾತ್ರೆ ನಿಲ್ಲಿಸಿ’ ಎನ್ನುವ ಸಲಹೆ ಹಾನಿ ಮಾಡುತ್ತದೆ.

ಆದ್ದರಿಂದ ಮಧುಮೇಹ ಇರುವವರು ಹೋಮಾ-ಐಆರ್ ಅಂಕಿಯನ್ನು ಒಂಟಿಯಾಗಿ ಎಂದೂ ಓದಬಾರದು. ಗ್ಲೂಕೋಸ್ ಮತ್ತು ಇನ್ಸುಲಿನ್ ಎರಡೂ ಇಳಿದಿದ್ದರೆ ಪ್ರತಿರೋಧ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಗ್ಲೂಕೋಸ್ ಏರಿ ಇನ್ಸುಲಿನ್ ಇಳಿದಿದ್ದರೆ ತಯಾರಿಕೆಯ ಕೊರತೆಯ ಬಗ್ಗೆ ವೈದ್ಯರಲ್ಲಿ ಕೇಳಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಗ್ರಂಥಿ ಇನ್ಸುಲಿನ್ನನ್ನು ಒಂದೇ ಸಮನೆ ಬಿಡುವುದಿಲ್ಲ, ಕೆಲವು ನಿಮಿಷಗಳಿಗೊಮ್ಮೆ ಅಲೆಗಳಂತೆ ಬಿಡುತ್ತದೆ. ಮೂಲ ವಿಧಾನದಲ್ಲಿ 5 ನಿಮಿಷದ ಅಂತರದಲ್ಲಿ ಮೂರು ಸಲ ರಕ್ತ ತೆಗೆದು ಸರಾಸರಿ ಮಾಡುತ್ತಿದ್ದರು. ನಮ್ಮಲ್ಲಿ ತೆಗೆಯುವುದು ಒಂದೇ ಸಲ, ಹೀಗಾಗಿ 4.8 ಮತ್ತು 4.2ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗ್ಲಿಮಿಪಿರೈಡ್ ಬಗೆಯ ಮಾತ್ರೆಗಳು ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಬಿಡಿಸುವುದರಿಂದ ಅಂಕಿ ಏರಿಸುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗಂತೂ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಕೆಲವು ಕಿಟ್‌ಗಳು ಚುಚ್ಚಿದ ಇನ್ಸುಲಿನ್ನನ್ನೂ ಎಣಿಸುತ್ತವೆ, ಕೆಲವು ಹೊಸ ಬಗೆಯ ಇನ್ಸುಲಿನ್‌ಗಳನ್ನು ಗುರುತಿಸುವುದೇ ಇಲ್ಲ. ಎರಡೂ ಸಂದರ್ಭಗಳಲ್ಲಿ ಬಂದ ಅಂಕಿಗೆ ಅರ್ಥವಿಲ್ಲ. ಪ್ಯಾಕೇಜಿನಲ್ಲಿ ಉಚಿತವಾಗಿ ಸೇರಿಸಿಕೊಟ್ಟರೂ ಅದನ್ನು ಪಕ್ಕಕ್ಕಿಡಿ.

ಹಂತ 8: ಚುಚ್ಚುಮದ್ದು ತೆಗೆದುಕೊಳ್ಳುವವರಿಗೆ ಸಿ-ಪೆಪ್ಟೈಡ್

ದೇಹ ಇನ್ಸುಲಿನ್ ತಯಾರಿಸುವಾಗ ಒಂದು ದೊಡ್ಡ ಅಣು ತುಂಡಾಗಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಸಮ ಸಂಖ್ಯೆಯಲ್ಲಿ ಹುಟ್ಟುತ್ತವೆ. ಬಾಟಲಿಯ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಹೀಗಾಗಿ ರಕ್ತದಲ್ಲಿ ಸಿಕ್ಕಿದ ಸಿ-ಪೆಪ್ಟೈಡ್ ನಿಮ್ಮದೇ ಗ್ರಂಥಿಯ ದುಡಿಮೆಯ ಲೆಕ್ಕ. ಮಿಲಿಲೀಟರಿಗೆ 0.6 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ತಯಾರಿಕೆ ಬಹಳ ಕುಸಿದಿದೆ ಎಂದರ್ಥ. ಚೆನ್ನಾಗಿಯೇ ಇದ್ದು, ದಿನಕ್ಕೆ ಬಹಳ ಯೂನಿಟ್ ಇನ್ಸುಲಿನ್ ತೆಗೆದುಕೊಂಡರೂ ಸಕ್ಕರೆ ಇಳಿಯದಿದ್ದರೆ ಅದು ಪ್ರತಿರೋಧದ ಕಡೆಗೆ ಬೆರಳು ತೋರಿಸುತ್ತದೆ. ಚುಚ್ಚುವ ಜಾಗದಲ್ಲಿ ಗಂಟು ಕಟ್ಟಿದ್ದರೂ, ಫ್ರಿಜ್ ಇಲ್ಲದೆ ಇನ್ಸುಲಿನ್ ಕೆಟ್ಟಿದ್ದರೂ ಸಕ್ಕರೆ ಇಳಿಯುವುದಿಲ್ಲ ಎಂಬುದನ್ನು ಮೊದಲು ನೋಡಿಕೊಳ್ಳಿ. ಪ್ರತಿರೋಧವೆಂದು ಹಣೆಪಟ್ಟಿ ಹಚ್ಚಿಕೊಂಡವರಲ್ಲಿ ಕೆಲವರ ತೊಂದರೆ ಇಷ್ಟೇ ಆಗಿರುತ್ತದೆ.

ಸಿ-ಪೆಪ್ಟೈಡ್ ಜೊತೆಗೆ ಅದೇ ಹೊತ್ತಿನ ಗ್ಲೂಕೋಸ್ ಇರಲೇಬೇಕು. ಸಕ್ಕರೆ ತೀರ ಕಡಿಮೆ ಇದ್ದಾಗ ಗ್ರಂಥಿ ಸುಮ್ಮನಿರುತ್ತದೆ, ಬಹುಕಾಲ ತೀರ ಹೆಚ್ಚಿದ್ದಾಗ ಅದು ತಾತ್ಕಾಲಿಕವಾಗಿ ಸ್ತಬ್ಧವಾಗಿರುತ್ತದೆ. ಸಕ್ಕರೆ ಹತೋಟಿಗೆ ಬಂದ ಕೆಲವು ವಾರಗಳ ನಂತರ ಮತ್ತೆ ನೋಡಿದರೆ ಅಂಕಿ ಏರಿರುವುದುಂಟು. ಮೂತ್ರಪಿಂಡಗಳು ಸಿ-ಪೆಪ್ಟೈಡನ್ನು ಹೊರಹಾಕುವುದರಿಂದ, ಅವು ಕೆಟ್ಟಿರುವವರಲ್ಲಿ ಅಂಕಿ ಸುಳ್ಳಾಗಿ ಏರುತ್ತದೆ. ಕ್ರಿಯಾಟಿನಿನ್ ವರದಿಯನ್ನು ಜೊತೆಗೇ ಒಯ್ಯಿರಿ.

ಟೈಪ್ 1 ಮಧುಮೇಹ ಇರುವವರೂ ಪ್ರತಿರೋಧದಿಂದ ಹೊರತಲ್ಲ. ಅವರಿಗಾಗಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರೂಪುಗೊಂಡ, ದೇಹ ಸಕ್ಕರೆಯನ್ನು ಬಳಸಿಕೊಳ್ಳುವ ವೇಗವನ್ನು ಹೇಳುವ ಇಜಿಡಿಆರ್ ಎಂಬ ಅಂದಾಜಿದೆ: 21.158ರಿಂದ, ಸೊಂಟದ ಸುತ್ತಳತೆಯ 0.09 ಪಟ್ಟು, ರಕ್ತದೊತ್ತಡ ಇದ್ದರೆ 3.407, ಮತ್ತು ಎಚ್‌ಬಿಎ1ಸಿಯ (ಮೂರು ತಿಂಗಳ ಸರಾಸರಿ ಸಕ್ಕರೆ) 0.551 ಪಟ್ಟು ಕಳೆಯಬೇಕು. ಸೊಂಟ 95 ಸೆಂ.ಮೀ., ರಕ್ತದೊತ್ತಡ ಇದೆ, ಎಚ್‌ಬಿಎ1ಸಿ 8 ಎಂದಾದರೆ ಉತ್ತರ 4.8. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಪ್ರತಿರೋಧ ಹೆಚ್ಚು, ಹೋಮಾಕ್ಕೆ ತಲೆಕೆಳಗು.

ಹಂತ 9: ಪಕ್ಕದ ಸಾಕ್ಷಿಗಳು

ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ, ಪ್ರತಿರೋಧವನ್ನು ಅಳೆಯುವುದಿಲ್ಲ. ಫಲವನ್ನು ತೋರಿಸುತ್ತದೆ, ಕಾರಣವನ್ನಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಅದು ಏರಿ ಕಾಣಬಹುದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ನಂಬುವಂತಿಲ್ಲ.

ಯಕೃತ್ತಿನ ಕಿಣ್ವಗಳಾದ ಎಎಲ್‌ಟಿ ಮತ್ತು ಎಎಸ್‌ಟಿಯನ್ನು ನಿರ್ಲಕ್ಷಿಸಬೇಡಿ. ಕೊಬ್ಬಿನ ಯಕೃತ್ತು ಮತ್ತು ಪ್ರತಿರೋಧ ಜೊತೆಜೊತೆಯಾಗಿ ಸಾಗುತ್ತವೆ. ಎಎಲ್‌ಟಿ ಸಹಜವಾಗಿದ್ದರೂ ಕೊಬ್ಬು ಇರಬಹುದು, ಗಾಯದ ಕಲೆಯೂ ಕಟ್ಟುತ್ತಿರಬಹುದು. ಅದಕ್ಕಾಗಿ ಎಫ್ಐಬಿ-4 ಲೆಕ್ಕ ಮಾಡಿಸಿ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ಪ್ಲೇಟ್‌ಲೆಟ್ 2.5 ಲಕ್ಷ ಇದ್ದರೆ ಲೆಕ್ಕದಲ್ಲಿ 250 ಎಂದು ಹಾಕಬೇಕು. 1.3ಕ್ಕಿಂತ ಕಡಿಮೆ ಇದ್ದರೆ ಸಮಾಧಾನ, 2.67 ದಾಟಿದರೆ ತಜ್ಞರನ್ನು ಕಾಣಬೇಕು. 65 ದಾಟಿದವರಲ್ಲಿ ವಯಸ್ಸೊಂದೇ ಅಂಕಿಯನ್ನು ಏರಿಸುತ್ತದೆ.

ಯೂರಿಕ್ ಆಮ್ಲ ಏರಿರುವುದೂ ಒಂದು ಸುಳಿವು, ಏಕೆಂದರೆ ಹೆಚ್ಚಿನ ಇನ್ಸುಲಿನ್ ಅದನ್ನು ಮೂತ್ರಕ್ಕೆ ಹೋಗಗೊಡುವುದಿಲ್ಲ. ಎಚ್ಎಸ್-ಸಿಆರ್‌ಪಿ ಮತ್ತು ಫೆರಿಟಿನ್ ನೆಗಡಿ, ಹಲ್ಲಿನ ಸೋಂಕಿಗೂ ಏರುತ್ತವೆ. ಪ್ರತಿರೋಧಕ್ಕೆಂದೇ ಅವನ್ನು ಮಾಡಿಸಲು ಹಣ ಖರ್ಚು ಮಾಡಬೇಡಿ. ಅಡಿಪೊನೆಕ್ಟಿನ್, ಲೆಪ್ಟಿನ್ ಇರುವ ಪ್ಯಾಕೇಜುಗಳಿಗೂ ಇದೇ ಮಾತು. ಅವು ಸಂಶೋಧನೆಗೆ ಬೇಕಾದವು, ನಿಮ್ಮ ಔಷಧದ ಚೀಟಿಯನ್ನು ಬದಲಿಸುವಂಥವಲ್ಲ.

ಹಂತ 10: ವೈದ್ಯರ ಬಳಿ ಹೋಗುವಾಗ

ಒಂದೇ ಹಾಳೆಯಲ್ಲಿ ದಿನಾಂಕ, ಲ್ಯಾಬ್, ತೂಕ, ಸೊಂಟ, ಫಾಸ್ಟಿಂಗ್ ಸಕ್ಕರೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಎಲ್‌ಟಿ, ಮಾಡಿಸಿದ್ದರೆ ಇನ್ಸುಲಿನ್ ಅಥವಾ ಸಿ-ಪೆಪ್ಟೈಡ್, ಮತ್ತು ಆಗ ತೆಗೆದುಕೊಳ್ಳುತ್ತಿದ್ದ ಎಲ್ಲ ಔಷಧಗಳನ್ನು ಬರೆಯಿರಿ. ಕಷಾಯ, ಪುಡಿ, ಅಂಗಡಿಯಲ್ಲಿ ಕೊಂಡ ಮಾತ್ರೆಗಳೂ ಅದರಲ್ಲಿರಲಿ. ಮೂರು ಪ್ರಶ್ನೆ ಕೇಳಿ: ನನ್ನಲ್ಲಿ ಪ್ರತಿರೋಧ ಮುಖ್ಯವೋ, ತಯಾರಿಕೆಯ ಕೊರತೆ ಮುಖ್ಯವೋ? ಈಗಿನ ಔಷಧಗಳಲ್ಲಿ ಯಾವುದು ಯಾವುದರ ಮೇಲೆ ಕೆಲಸ ಮಾಡುತ್ತಿದೆ? ಯಕೃತ್ತಿನ ಪರೀಕ್ಷೆ ಬೇಕೇ? ಮೆಟ್‌ಫಾರ್ಮಿನ್ ಹಲವು ವರ್ಷಗಳಿಂದ ನುಂಗುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆಯೂ ಕೇಳಿ, ಅದು ಬಿ12 ಹೀರಿಕೆಯನ್ನು ತಗ್ಗಿಸುತ್ತದೆ.

ನಡಿಗೆ, ಆಹಾರ ಅಥವಾ ಔಷಧದಲ್ಲಿ ಬದಲಾವಣೆ ಮಾಡಿದ ಮೇಲೆ ಕನಿಷ್ಠ ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ತೂಕ ವೇಗವಾಗಿ ಇಳಿಯುತ್ತಿರುವ ವಾರಗಳಲ್ಲಿ ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಎರಡೂ ಇಳಿಯಬಹುದು. ತೂಕ ಒಂದು ಕಡೆ ನಿಂತ ಮೇಲಿನ ಅಂಕಿಯೇ ಲೆಕ್ಕಕ್ಕೆ ಬರುತ್ತದೆ. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಿದ್ದು, ಬಾಯಾರಿಕೆ ಹೆಚ್ಚಿ, ಸಕ್ಕರೆ 300ರ ಆಸುಪಾಸಿನಲ್ಲಿ ನಿಂತಿದ್ದರೆ ಮುಂದಿನ ಪರೀಕ್ಷೆಯ ದಿನಾಂಕಕ್ಕೆ ಕಾಯಬೇಡಿ. ಅದರ ಜೊತೆಗೆ ವಾಂತಿ, ಹೊಟ್ಟೆನೋವು ಅಥವಾ ಏದುಸಿರು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ ಮೂತ್ರದಲ್ಲಿ ಅಥವಾ ರಕ್ತದಲ್ಲಿ ಕೀಟೋನ್ ಪರೀಕ್ಷೆ ಮಾಡಿಸಿ.